ಯೋಧನ ಸ್ಮರಣೆಯೂ ದಾಸೋಹವೇ

(ಅಲಖನೂರಿನಲ್ಲಿ ನಡೆದ ಶರಣ ಸಂಗಮದಲ್ಲಿ ನಿವೃತ್ತ ಇಂಜಿನಿಯರರೊಬ್ಬರು ತಮ್ಮ ಸಹೋದರನ ಎರಡನೆಯ ವರ್ಷದ ಸ್ಮರಣೆಯ ನಿಮಿತ್ತ ಮಾಡಿದ ಉಪನ್ಯಾಸದ ಬರಹ ರೂಪ)

 

ನಾನು ಪ್ರವಚನಕಾರನಲ್ಲ. ಮೂವತ್ತೈದು ವರ್ಷ ಸರ್ಕಾರಿ ಇಂಜಿನಿಯರನಾಗಿ ಕಾಲುವೆ, ಸೇತುವೆ, ಎಸ್ಟಿಮೇಟು, ಬಿಲ್ಲುಗಳ ನಡುವೆ ಬದುಕಿದವನು. ವಚನಗಳನ್ನು ಸರಿಯಾಗಿ ಓದಲು ಶುರುಮಾಡಿದ್ದು ನಿವೃತ್ತಿಯ ನಂತರ. ಆದ್ದರಿಂದ ಪೂಜ್ಯರು "ದಾಸೋಹದ ಬಗ್ಗೆ ಮಾತಾಡು" ಎಂದು ಅಪ್ಪಣೆ ಕೊಟ್ಟಾಗ ಹಿಂಜರಿದೆ. "ಓದಿದ್ದು ಹೇಳಬೇಡ, ನಿನ್ನ ಮನೆಯಲ್ಲಿ ಆದದ್ದು ಹೇಳು" ಎಂದರು. ಅದನ್ನೇ ಹೇಳುತ್ತೇನೆ. ಅದರಲ್ಲಿ ನನ್ನ ತಪ್ಪೂ ಇದೆ.

ನನ್ನ ತಮ್ಮ ಸೈನಿಕನಾಗಿದ್ದ. 1985ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಬೆಳಗಾವಿಗೆ ಹೋಗಿ ಭರ್ತಿಯಾದ. ಮರಾಠಾ ಲಘು ಪದಾತಿದಳದ ಕೇಂದ್ರ ಬೆಳಗಾವಿಯಲ್ಲೇ ಇರುವುದರಿಂದ ನಮ್ಮ ಭಾಗದ ಹುಡುಗರಿಗೆ ಸೈನ್ಯ ದೂರದ ಮಾತಲ್ಲ. ನಮ್ಮ ಮನೆಯಲ್ಲಿ ನಾನು ಓದಿದೆ, ಅವನು ದುಡಿದ. ನಾನು ಇಂಜಿನಿಯರಿಂಗ್ ಮುಗಿಸಿ ಕೆಲಸಕ್ಕಾಗಿ ಅಲೆಯುತ್ತಿದ್ದ ದಿನಗಳಲ್ಲಿ ಮನೆಗೆ ಬರುತ್ತಿದ್ದುದು ಅವನ ಮನಿಯಾರ್ಡರು. 1999ರಲ್ಲಿ ಕಾರ್ಗಿಲ್ ಯುದ್ಧ ನಡೆದಾಗ ನಮ್ಮ ತಾಯಿ ರೇಡಿಯೋ ಮುಂದೆ ಕುಳಿತು ಊಟ ಬಿಟ್ಟಿದ್ದಳು. ಹದಿನೇಳು ವರ್ಷ ಸೇವೆ ಮಾಡಿ 2002ರಲ್ಲಿ ಅವನು ಮನೆಗೆ ಬಂದ. ಆಗ ಅವನಿಗೆ ಮೂವತ್ತಾರು.

ಇದನ್ನು ಸ್ವಲ್ಪ ಗಮನಿಸಬೇಕು. ನಾನು ಅರವತ್ತಕ್ಕೆ ನಿವೃತ್ತನಾದೆ. ಅಷ್ಟರಲ್ಲಿ ನನ್ನ ಮಕ್ಕಳ ಓದು, ಮದುವೆ, ಮನೆ ಎಲ್ಲ ಮುಗಿದಿತ್ತು. ಜವಾನ ಮೂವತ್ತೈದು, ನಲವತ್ತಕ್ಕೆ ನಿವೃತ್ತನಾಗುತ್ತಾನೆ. ಆಗ ಅವನ ಮಕ್ಕಳು ಕನ್ನಡ ಶಾಲೆಯಲ್ಲಿರುತ್ತಾರೆ, ತಂದೆ-ತಾಯಿ ಹಾಸಿಗೆ ಹಿಡಿದಿರುತ್ತಾರೆ, ಹೊಲ ಪಾಲಾಗಿ ಹೋಗಿರುತ್ತದೆ. ಸಿಗುವುದು ಅಂದಿನ ಚಿಕ್ಕ ಸಂಬಳದ ಮೇಲಿನ ಪಿಂಚಣಿ. ನನ್ನ ತಮ್ಮ ಸಕ್ಕರೆ ಕಾರ್ಖಾನೆಯೊಂದರ ಗೇಟಿನಲ್ಲಿ ಕಾವಲು ನಿಂತ. ಕಬ್ಬಿನ ಹಂಗಾಮಿನಲ್ಲಿ ರಾತ್ರಿಯಿಡೀ ಟ್ರ್ಯಾಕ್ಟರ್ ಎಣಿಸುವ ಕೆಲಸ. ನಾನು ಇಲಾಖೆಯ ಜೀಪಿನಲ್ಲಿ ಅದೇ ರಸ್ತೆಯಲ್ಲಿ ಹೋಗುವಾಗ ಅವನು ಎದ್ದು ಸಲ್ಯೂಟ್ ಹೊಡೆಯುತ್ತಿದ್ದ. ತಮಾಷೆಗೆ ಹೊಡೆಯುತ್ತಾನೆ ಎಂದು ನಾನು ನಗುತ್ತಿದ್ದೆ.

2023ರ ನವೆಂಬರಿನಲ್ಲಿ ಅವನು ಲಿಂಗೈಕ್ಯನಾದ. ಎದೆನೋವು ಎಂದ, ಆಸ್ಪತ್ರೆ ಮುಟ್ಟಲಿಲ್ಲ.

ಅವನ ಹೆಸರು ಉಳಿಯಬೇಕು ಎಂದು ನಾವು ಬಂಧುಗಳು, ಗೆಳೆಯರು ಕೂಡಿದೆವು. ಊರ ಬಾಗಿಲಲ್ಲಿ ಒಂದು ಕಮಾನು ಕಟ್ಟಬೇಕು, ಅದರ ಮೇಲೆ ಅವನ ಹೆಸರು, ಎರಡು ಕಡೆ ಬಂದೂಕು ಹಿಡಿದ ಯೋಧರ ಚಿತ್ರ, ಉದ್ಘಾಟನೆಯ ದಿನ ಊರಿಗೆಲ್ಲ ಹುಗ್ಗಿ ಊಟ. ಕಮಾನಿನ ನಕ್ಷೆ, ಎಸ್ಟಿಮೇಟು ನಾನೇ ಮಾಡಿದೆ. ಆರು ಲಕ್ಷ ಬಂತು. ಪಾವತಿ ಪುಸ್ತಕ ಅಚ್ಚು ಹಾಕಿಸಿ ಹಣ ಎತ್ತಲು ಹೊರಟೆವು. ಐದಾರು ತಿಂಗಳಲ್ಲಿ 1,84,500 ರೂಪಾಯಿ ಕೂಡಿತು.

ಒಂದು ದಿನ ಆ ಲೆಕ್ಕ ಹೇಳಲು ತಮ್ಮನ ಮನೆಗೆ ಹೋದೆ. ನಾದಿನಿ ಚಹಾ ತಂದಿಟ್ಟಳು. ಅವಳ ಕೈ ಬರಿದಾಗಿತ್ತು, ಬಳೆ ಇರಲಿಲ್ಲ. ಗಂಡ ಹೋದವಳು ಬಳೆ ತೆಗೆಯುವ ಪದ್ಧತಿಯನ್ನು ನಮ್ಮ ಮನೆಯಲ್ಲಿ ನಾವು ಪಾಲಿಸುವುದಿಲ್ಲ. ಕೇಳಿದೆ. ತಲೆ ತಗ್ಗಿಸಿ ಹೇಳಿದಳು: "ಬಂಗಾರದ ಬಳಿ ಬ್ಯಾಂಕಿನ್ಯಾಗ ಅದಾವ್ರಿ. ಪಿಂಚಣಿ ಇನ್ನೂ ಚಾಲೂ ಆಗಿಲ್ಲ. ಹುಡುಗನ ಕಾಲೇಜಿನ ಫೀ ಕಟ್ಟಬೇಕಿತ್ತು. ನಿಮಗ ಕಮಾನಿನ ಗಡಿಬಿಡಿ ಇತ್ತು, ಹೇಳಲಿಲ್ಲ. ಕಮಾನು ಆಮ್ಯಾಲ ಆಗಲ್ರಿ, ಮೊದಲ ಈ ಕಾಗದ ನೋಡ್ರಿ."

ಏಳು ತಿಂಗಳಾಗಿತ್ತು, ಶರಣರೆ. ಸೈನಿಕನ ಹೆಸರಿನಲ್ಲಿ ನಾನು ಊರೂರು ಹಣ ಎತ್ತುತ್ತಿದ್ದೆ. ಆ ಸೈನಿಕನ ಹೆಂಡತಿಗೆ ಕುಟುಂಬ ಪಿಂಚಣಿ ಬಂದಿರಲಿಲ್ಲ. ಸರ್ಕಾರಿ ಕಾಗದಪತ್ರ ಬಲ್ಲವನು ಆ ಮನೆತನದಲ್ಲಿ ನಾನೊಬ್ಬನೇ. ಒಂದು ಸಲವೂ ಕೇಳಿರಲಿಲ್ಲ.

ಅಂದು ತಮ್ಮನ ಕಪ್ಪು ಟ್ರಂಕು ತೆರೆದೆ. ವಿಭೂತಿ ಗಟ್ಟಿ, ಎರಡು ಪದಕ, ತಾಯಿ ಬರೆಸಿದ ಪತ್ರಗಳ ಕಟ್ಟು, ಕೆಳಗೆ ಡಿಸ್ಚಾರ್ಜ್ ಬುಕ್ಕು. ಅದರಲ್ಲಿ ಹೆಂಡತಿಯ ಹೆಸರಿನ ಕಡೆ ಬರೆದಿದ್ದು ಅವಳ ತವರಿನ ಹೆಸರು. ಆಧಾರ್ ಕಾರ್ಡು, ಬ್ಯಾಂಕು, ಪಡಿತರ ಚೀಟಿ ಎಲ್ಲದರಲ್ಲಿ ಇದ್ದದ್ದು ಮದುವೆಯ ದಿನ ನಾವು ಇಟ್ಟ ಹೆಸರು. ನಮ್ಮ ಚಿಕ್ಕೋಡಿ, ರಾಯಬಾಗ, ಅಥಣಿ ಕಡೆ ಸೊಸೆಗೆ ಹೊಸ ಹೆಸರಿಡುವ ರೂಢಿ ಇನ್ನೂ ಇದೆ. ಪರಾತದಲ್ಲಿ ಅಕ್ಕಿ ಹರವಿ, ಉಂಗುರದಿಂದ ಹೆಸರು ಬರೆಸಿ, ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದ್ದೆವು. ಸೈನ್ಯದ ದಾಖಲೆಯ ಪ್ರಕಾರ ಈ ಹೆಣ್ಣುಮಗಳು ಆ ಸೈನಿಕನ ಹೆಂಡತಿಯೇ ಅಲ್ಲ!

ಬಸವಾದಿ ಶರಣರು ಹೆಣ್ಣಿಗೆ ಅವಳದೇ ಹೆಸರು, ಅವಳದೇ ಅಂಕಿತ ಕೊಟ್ಟರು. ಆಯ್ದಕ್ಕಿ ಲಕ್ಕಮ್ಮ, ಸತ್ಯಕ್ಕ, ಸೂಳೆ ಸಂಕವ್ವ, ಎಲ್ಲರೂ ತಮ್ಮ ಹೆಸರಿನಲ್ಲೇ ಅನುಭವ ಮಂಟಪದ ಮಾತಾಡಿದವರು. ಅವರ ಭಾವಚಿತ್ರಕ್ಕೆ ಹೂ ಏರಿಸುವ ನಾವು ಮನೆಗೆ ಬಂದ ಹುಡುಗಿಯ ಹೆಸರನ್ನು ಅಕ್ಕಿಯ ಮೇಲೆ ಅಳಿಸುತ್ತೇವೆ. ಅದರ ದಂಡ ನನ್ನ ನಾದಿನಿ ಕಟ್ಟಿದಳು.

ಸೈನಿಕ ಬದುಕಿದ್ದಾಗ ಈ ತಿದ್ದುಪಡಿ ಅಷ್ಟು ಕಷ್ಟದ್ದಲ್ಲ. ಅವನೇ ಅರ್ಜಿ ಹಾಕಿ, "ಇವಳೇ ಅವಳು" ಎಂದು ಹೇಳಬಹುದು. ಹೋದ ಮೇಲೆ ಹೇಳುವವರು ಯಾರು? ಅಫಿಡವಿಟ್, ಪತ್ರಿಕೆಯಲ್ಲಿ ಪ್ರಕಟಣೆ, ಪಂಚಾಯಿತಿಯ ದೃಢೀಕರಣ, ಶಾಲೆಯ ದಾಖಲೆ, ಎಲ್ಲ ಕೂಡಿಸಿ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯ ಮೂಲಕ ರೆಕಾರ್ಡ್ ಕಚೇರಿಗೆ ಕಳಿಸಿದೆವು. ಎರಡು ಸಲ ಆಕ್ಷೇಪಣೆ ಬಂತು. ಕೊನೆಗೆ ಹದಿನಾಲ್ಕನೆಯ ತಿಂಗಳಿಗೆ ಪಿಂಚಣಿ ಬಾಕಿ ಸಹಿತ ಬಂತು. ಒಟ್ಟು ಖರ್ಚು ನಾಲ್ಕು ಸಾವಿರ ರೂಪಾಯಿ ದಾಟಲಿಲ್ಲ. ಆರು ಲಕ್ಷದ ಕಮಾನು ಮಾಡಲಾರದ ಕೆಲಸ ನಾಲ್ಕು ಸಾವಿರದಲ್ಲಿ ಆಯಿತು.

ಈಗ ಕೂಡಿದ ಹಣದ ಪ್ರಶ್ನೆ. ಪೂಜ್ಯರ ಬಳಿ ಹೋದೆ. ಅವರು ನನಗೆ ಇಬ್ಬರು ಮಾರಯ್ಯಗಳ ಕಥೆ ಓದಲು ಹೇಳಿದರು. ತಮಗೆಲ್ಲ ಗೊತ್ತಿರುವ ಕಥೆಗಳೇ. ಆದರೆ ನನಗೆ ಅವು ಆಗ ಬೇರೆಯಾಗಿ ಕಂಡವು.

ಮೊದಲನೆಯವರು ಮೋಳಿಗೆಯ ಮಾರಯ್ಯ. ಕಾಶ್ಮೀರದ ಅರಸನಾಗಿದ್ದವರು ರಾಜ್ಯ ಬಿಟ್ಟು, ಪತ್ನಿ ಮಹಾದೇವಿಯೊಂದಿಗೆ ಕಲ್ಯಾಣಕ್ಕೆ ಬಂದು ಕಟ್ಟಿಗೆ ಮಾರುವ ಕಾಯಕ ಹಿಡಿದರು ಎಂದು ನಮ್ಮ ಪರಂಪರೆ ಹೇಳುತ್ತದೆ. ಅವರ ಬಡತನ ಕಂಡು ಬಸವಣ್ಣನವರು, ಅವರು ಮನೆಯಲ್ಲಿ ಇಲ್ಲದಾಗ ಬಂದು, ಮಹಾದೇವಮ್ಮ ನೀಡಿದ ಅಂಬಲಿ ಉಂಡು, ಯಾರಿಗೂ ತಿಳಿಯದಂತೆ ಹೊನ್ನು ಇಟ್ಟು ಹೋದರಂತೆ. ಮಾರಯ್ಯ ಸಂತೋಷಪಡಲಿಲ್ಲ. ನೊಂದುಕೊಂಡರು. ಆ ಹೊನ್ನನ್ನು ಜಂಗಮರಿಗೆ ಒಪ್ಪಿಸಿ ಮತ್ತೆ ಕಟ್ಟಿಗೆಗೆ ಹೋದರು. ಬಸವಣ್ಣನವರಂಥವರ ಪ್ರೀತಿಯ ಹೊನ್ನೂ ಕಾಯಕಜೀವಿಗೆ ಭಾರವಾಗಬಹುದು.

ಎರಡನೆಯವರು ಆಯ್ದಕ್ಕಿ ಮಾರಯ್ಯ. ದಿನಕ್ಕೆ ಬೇಕಾದಷ್ಟೇ ಅಕ್ಕಿ ಆಯ್ದು ತರುವವರು ಒಂದು ದಿನ ಹೆಚ್ಚು ತಂದರು. ಲಕ್ಕಮ್ಮ ಒಳಗೆ ಸೇರಿಸಲಿಲ್ಲ. ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬನ್ನಿ ಎಂದು ಹಿಂದಕ್ಕೆ ಕಳಿಸಿದರು. ನಾವಾದರೆ ಅದನ್ನು ಕಾಯ್ದಿಟ್ಟ ನಿಧಿ ಎನ್ನುತ್ತಿದ್ದೆವು.

ಈ ಎರಡು ಕಥೆಗಳಲ್ಲಿ ನನಗೆ ಎರಡು ಅಳತೆಗೋಲು ಸಿಕ್ಕವು. ಒಂದು, ಕೊಡುವ ಮೊದಲು ಕೇಳಬೇಕು. ಎರಡು, ಕಾರಣವಿಲ್ಲದ ಹಣ ಕೈಯಲ್ಲಿ ಇರಬಾರದು. ದಾನದಲ್ಲಿ ಕೊಡುವವನ ಕೈ ಮೇಲೆ, ತೆಗೆದುಕೊಳ್ಳುವವನ ಕೈ ಕೆಳಗೆ. ದಾಸೋಹದಲ್ಲಿ ಕೊಡುವವನು ದಾಸ. ಹಾಗಿದ್ದ ಮೇಲೆ ಪಾವತಿ ಪುಸ್ತಕದ ಮೇಲೆ ದೊಡ್ಡ ಅಕ್ಷರದಲ್ಲಿ ನನ್ನ ಹೆಸರು ಯಾಕೆ ಬೇಕಿತ್ತು?

ನಾನು ಹಣ ಕೊಟ್ಟ ಪ್ರತಿಯೊಬ್ಬರ ಮನೆಗೆ ಹೋದೆ. "ಕಮಾನು ಕಟ್ಟುತ್ತಿಲ್ಲ. ಹಣ ವಾಪಸು ಬೇಕಾದರೆ ಕೊಡುತ್ತೇನೆ. ಒಪ್ಪಿದರೆ ನಮ್ಮ ಭಾಗದ ಮಾಜಿ ಸೈನಿಕರ, ಅವರ ವಿಧವೆಯರ ಅಗತ್ಯಕ್ಕೆ ಬಳಸುತ್ತೇವೆ" ಎಂದೆ. ಮೂವರು ಒಟ್ಟು 15,000 ರೂಪಾಯಿ ವಾಪಸು ಪಡೆದರು. ಅದರಲ್ಲಿ ತಪ್ಪೇನಿಲ್ಲ, ಅವರು ಕೊಟ್ಟಿದ್ದು ಕಮಾನಿಗೆ. ಉಳಿದದ್ದು 1,69,500.

ಇಲ್ಲಿ ಬೇರೊಬ್ಬರನ್ನು ನೆನೆಯಬೇಕು. ನಮ್ಮ ಕರ್ನಾಟಕದವರೇ ಆದ ಕರ್ನಲ್ ವಸಂತ್ ವೇಣುಗೋಪಾಲ್ 9ನೇ ಮರಾಠಾ ಲಘು ಪದಾತಿದಳದ ಮುಖ್ಯಸ್ಥರಾಗಿದ್ದವರು. 2007ರ ಜುಲೈ 31ರಂದು ಕಾಶ್ಮೀರದ ಉರಿ ವಲಯದಲ್ಲಿ ಗಡಿ ನುಸುಳಿ ಬಂದವರೊಡನೆ ಹೋರಾಡುತ್ತ ಮಡಿದರು. ಆಗ ಅವರ ವಯಸ್ಸು ನಲವತ್ತು. ಮರಣೋತ್ತರವಾಗಿ ಅಶೋಕ ಚಕ್ರ ಬಂತು. ಅವರ ಪತ್ನಿ ಸುಭಾಷಿಣಿ ವಸಂತ್ ಅವರು ಪತಿಯ ನೆನಪಿನಲ್ಲಿ ಬೆಂಗಳೂರಿನಲ್ಲಿ ವಸಂತರತ್ನ ಫೌಂಡೇಶನ್ ಕಟ್ಟಿದರು. ಅದು ಮಾಡುವ ಕೆಲಸ ಗಮನಿಸಿ: ಮಡಿದ ಸೈನಿಕರ ಪತ್ನಿಯರಿಗೆ ಧೈರ್ಯ ಹೇಳುವುದು, ಅವರು ತಮ್ಮ ಕಾಲ ಮೇಲೆ ನಿಲ್ಲಲು ದಾರಿ ತೋರುವುದು, ಮಕ್ಕಳ ಓದಿಗೆ ನೆರವಾಗುವುದು. ತನ್ನ ದುಃಖ ಆರದಿರುವಾಗಲೇ ಅವರು ತನ್ನಂತೆ ಒಂಟಿಯಾದ ಇತರ ಹೆಣ್ಣುಮಕ್ಕಳ ಕಡೆ ತಿರುಗಿದರು. ಅಧಿಕಾರಿಯ ಪತ್ನಿಗೆ ಕಾಗದ ಓದಲು ಬರುತ್ತದೆ, ಹಳ್ಳಿಯ ಜವಾನನ ಪತ್ನಿಗೆ ಆ ಅನುಕೂಲ ಇರುವುದಿಲ್ಲ.

ಸರ್ಕಾರದ ಕಡೆಯಿಂದಲೂ ದಾರಿಗಳಿವೆ. ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ. 1949ರಿಂದ ನಡೆದು ಬಂದಿದೆ. ಶಾಲೆಯಲ್ಲಿದ್ದಾಗ ಕೆಂಪು, ಕಡುನೀಲಿ, ತಿಳಿನೀಲಿ ಬಣ್ಣದ ಚಿಕ್ಕ ಧ್ವಜವನ್ನು ಅಂಗಿಗೆ ಚುಚ್ಚಿಕೊಂಡು ಹತ್ತು ಪೈಸೆ ಕೊಟ್ಟ ನೆನಪು ನಮ್ಮ ವಯಸ್ಸಿನವರಿಗೆ ಇರಬಹುದು. ಮೂರು ಬಣ್ಣ ಭೂಸೇನೆ, ನೌಕಾಸೇನೆ, ವಾಯುಸೇನೆಗಳವು. ಆ ನಿಧಿಯಿಂದಲೇ ಕೇಂದ್ರೀಯ ಸೈನಿಕ ಮಂಡಳಿ ಬಡ ಮಾಜಿ ಸೈನಿಕರಿಗೂ ವಿಧವೆಯರಿಗೂ ಸಹಾಯಧನ ಕೊಡುತ್ತದೆ. ಪಿಂಚಣಿ ಇಲ್ಲದ, ಅರವತ್ತೈದು ದಾಟಿದ, ಹವಾಲ್ದಾರ್ ಮತ್ತು ಕೆಳಗಿನ ಹುದ್ದೆಯವರಿಗೆ ತಿಂಗಳಿಗೆ 4,000 ರೂಪಾಯಿ ಇತ್ತು. 2025ರ ನವೆಂಬರ್ 1ರಿಂದ 8,000 ಆಗಿದೆ. ಮಕ್ಕಳ ಓದಿನ ನೆರವು ತಿಂಗಳಿಗೆ 1,000 ಇದ್ದದ್ದು 2,000, ಮಗಳ ಮದುವೆಯ ನೆರವು 50,000 ಇದ್ದದ್ದು ಒಂದು ಲಕ್ಷ. ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯ ಮೂಲಕ ಅರ್ಜಿ ಹಾಕಬೇಕು. ಹಾಕದವರಿಗೆ ಯಾರೂ ಮನೆಗೆ ತಂದು ಕೊಡುವುದಿಲ್ಲ.

ನಾವು ಸುತ್ತಲಿನ ಊರುಗಳಲ್ಲಿ ಮನೆಮನೆಗೆ ಹೋದೆವು. ಪಕ್ಕದ ಊರಿನಲ್ಲಿ 1971ರ ಯುದ್ಧ ಕಂಡ ಒಬ್ಬ ಅಜ್ಜ ಇದ್ದಾರೆ. ಪಿಂಚಣಿಗೆ ಬೇಕಾದ ಹದಿನೈದು ವರ್ಷ ಮುಗಿಸದೆ ಹೊರಬಂದವರು. ಒಂದು ಎಮ್ಮೆ ಕಟ್ಟಿಕೊಂಡು ಜೀವನ. ನಾವು ಹಣದ ಲಕೋಟೆ ಮುಂದೆ ಹಿಡಿದಾಗ ಅವರು ಕೈ ಹಿಂದೆ ಕಟ್ಟಿ ನಿಂತರು. "ಭಿಕ್ಷಾ ಬ್ಯಾಡ್ರಿ ಸಾಹೇಬ್ರ" ಎಂದರು. ಮೋಳಿಗೆಯ ಮಾರಯ್ಯಗಳನ್ನು ಕಣ್ಣಾರೆ ಕಂಡಂತಾಯಿತು. ಲಕೋಟೆ ಜೇಬಿಗಿಟ್ಟು, ಈ ಸಹಾಯಧನದ ವಿಷಯ ಹೇಳಿದೆ. "ಇದು ನನ್ನ ಹಕ್ಕೋ, ಯಾರರೆ ದಯಾ ತೋರಸೂದೋ?" ಎಂದು ಕೇಳಿದರು. ನಿಯಮ ಓದಿ ಹೇಳಿದ ಮೇಲೆ ಸಹಿ ಮಾಡಿದರು. ಇವತ್ತು ಅವರಿಗೆ ಹಣ ಬರುತ್ತಿದೆ. ಬೇರೆ ಸೈನಿಕರ ಅರ್ಜಿಗೆ ಸಾಕ್ಷಿ ಸಹಿ ಬೇಕಾದಾಗ ಅವರೇ ಸೈಕಲ್ ಹತ್ತಿ ಬರುತ್ತಾರೆ. ಅದು ಈಗ ತಮ್ಮ ಕಾಯಕ ಎನ್ನುತ್ತಾರೆ. ಅವರು ನಮ್ಮಿಂದ ತೆಗೆದುಕೊಂಡದ್ದು ಕಿವಿಯ ಯಂತ್ರ ಒಂದೇ, ಅದೂ ಮೊಮ್ಮಗಳು ಹಟ ಹಿಡಿದ ಮೇಲೆ.

ಹಣದ ಲೆಕ್ಕ ಹೇಳುತ್ತೇನೆ. ಹನ್ನೊಂದು ಕುಟುಂಬಗಳ ಹೆಸರು ತಿದ್ದುಪಡಿ, ಅಫಿಡವಿಟ್, ಪ್ರಕಟಣೆ, ಬೆಳಗಾವಿ ಓಡಾಟಕ್ಕೆ 38,200. ಇಬ್ಬರು ಮಕ್ಕಳ ಕಾಲೇಜು ಶುಲ್ಕ ಮತ್ತು ಪುಸ್ತಕಕ್ಕೆ 46,000. ಕಿವಿಯ ಯಂತ್ರಕ್ಕೆ 24,000. ಧ್ವಜ ದಿನದ ನಿಧಿಗೆ 25,000. ಒಟ್ಟು 1,33,200. ಉಳಿಕೆ 36,300. ರಸೀದಿಗಳ ಸಹಿತ ಈ ಲೆಕ್ಕವನ್ನು ಮಠದ ಗೋಡೆಗೆ ಹಚ್ಚಿದ್ದೇವೆ. ಇಲಾಖೆಯಲ್ಲಿ ಅಳತೆ ಪುಸ್ತಕ ಬರೆಯದೆ ಬಿಲ್ಲು ಪಾಸಾಗುತ್ತಿರಲಿಲ್ಲ. ಗುತ್ತಿಗೆದಾರನನ್ನು ಅಷ್ಟು ಪರೀಕ್ಷಿಸಿದ ನಾನು ನನ್ನನ್ನು ಪರೀಕ್ಷಿಸಿಕೊಳ್ಳಬೇಡವೆ? ನನ್ನ ನಾದಿನಿಯ ಕೆಲಸದ ಖರ್ಚು ಇದರಲ್ಲಿಲ್ಲ. ಅದು ನನ್ನ ಸ್ವಂತ ಬಾಕಿ.

ಮನೆಮನೆಗೆ ಹೋದಾಗ ಎರಡು ಪ್ರಶ್ನೆಗಳು ಬಂದವು. ಎರಡೂ ನ್ಯಾಯವಾದವು.

ಒಂದು: "ಸೈನಿಕರಿಗೆ ಪಿಂಚಣಿ, ಕ್ಯಾಂಟೀನು, ಆಸ್ಪತ್ರೆ ಎಲ್ಲ ಇದೆ. ಕಬ್ಬಿನ ಬಿಲ್ಲು ಬಾರದ ರೈತನಿಗೆ ಏನಿದೆ?" ನಿಜ. ರೈತನಿಗೂ ಮಾಡೋಣ. ಆದರೆ ಸೌಲಭ್ಯ ಇರುವುದು ಬೇರೆ, ಮುಟ್ಟುವುದು ಬೇರೆ. ಕಾಲುವೆಯ ತಲೆಯಲ್ಲಿ ನೀರಿದ್ದರೆ ಕೊನೆಯ ಹೊಲಕ್ಕೆ ನೀರು ಬಂದಿದೆ ಎಂದು ನಾನು ಎಂದೂ ಬರೆದುಕೊಡಲಿಲ್ಲ. ಹೋಗಿ ನೋಡಿದ ಮೇಲೆ ಬರೆದೆ. ಇಲ್ಲಿಯೂ ಹಾಗೆ. ಪ್ರತಿವರ್ಷದ ಜೀವಿತ ಪ್ರಮಾಣಪತ್ರ ಈಗ ಹೆಚ್ಚಾಗಿ ಕಂಪ್ಯೂಟರಿನಲ್ಲಿ ಆಗುತ್ತದೆ. ಬೆರಳ ಗೆರೆ ಸವೆದ ಎಂಬತ್ತರ ಮುದುಕಿಗೆ ಅದು ಎಷ್ಟು ದೂರ! ಇನ್ನು 2022ರಿಂದ ಅಗ್ನಿಪಥ ಬಂದಿದೆ. ನಾಲ್ಕು ವರ್ಷಕ್ಕೆ ನಾಲ್ಕರಲ್ಲಿ ಮೂವರು ಪಿಂಚಣಿ ಇಲ್ಲದೆ ಊರಿಗೆ ಬರುವವರು. ಎಳೆ ವಯಸ್ಸಿನ ಆ ಹುಡುಗರಿಗೆ ಊರು ಏನು ಮಾಡಬೇಕು ಎಂಬುದನ್ನು ಇಂದೇ ಯೋಚಿಸಬೇಕು.

ಎರಡನೆಯ ಪ್ರಶ್ನೆ ಒಬ್ಬ ಯುವ ಶರಣ ಕೇಳಿದ: "ದಯೆಯೇ ಮೂಲವಾದ ಧರ್ಮ ನಮ್ಮದು. ಸೈನ್ಯಕ್ಕೆ ಹಣ ಎತ್ತುವುದು ಸರಿಯೆ?" ನನ್ನನ್ನು ರಾತ್ರಿ ಮಲಗಲು ಬಿಡದ ಪ್ರಶ್ನೆ. ನಾವು ಹಣ ಎತ್ತಿದ್ದು ಬಂದೂಕಿಗಲ್ಲ. ಯುದ್ಧದ ಜಯಘೋಷಕ್ಕೂ ಅಲ್ಲ. ಮಂಡಿ ಸವೆದವನಿಗೆ, ಕಿವಿ ಹೋದವನಿಗೆ, ಒಂಟಿಯಾದವಳಿಗೆ. ಪುಣೆಯ ಖಡಕಿಯಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಗಾಲಿ ಕುರ್ಚಿಯಲ್ಲಿರುವ ಸೈನಿಕರ ಪುನರ್ವಸತಿ ಕೇಂದ್ರವಿದೆ. ಅಂಥ ಕಡೆ ಒಮ್ಮೆ ಹೋಗಿ ಬಂದವನು ಯುದ್ಧ ಬೇಕು ಎಂದು ಕೂಗಲಾರ. ಯುದ್ಧ ಬೇಡ ಎನ್ನುವವನಿಗೆ, ಯುದ್ಧದಿಂದ ಬಂದವನನ್ನು ನೋಡಿಕೊಳ್ಳುವ ಹೊಣೆ ಹೆಚ್ಚೇ ಇದೆ ಎಂದು ನನಗೆ ಅನಿಸುತ್ತದೆ. ನನ್ನ ತಮ್ಮ ತಾನು ಎಲ್ಲಿ ಗುಂಡು ಹಾರಿಸಿದೆ ಎಂದು ಒಮ್ಮೆಯೂ ಹೇಳಲಿಲ್ಲ. ಕೇಳಿದರೆ ಲಿಂಗಪೂಜೆಗೆ ಕುಳಿತುಬಿಡುತ್ತಿದ್ದ.

ಇನ್ನೊಂದು ಮಾತು. ಶರಣರು ಸೂತಕವನ್ನು ಒಪ್ಪಲಿಲ್ಲ. ಸತ್ತವರಿಗೆ ಪಿಂಡ ಇಡಲಿಲ್ಲ. ಲಿಂಗದಲ್ಲಿ ಐಕ್ಯವಾದವನಿಗೆ ನಮ್ಮಿಂದ ಆಗಬೇಕಾದದ್ದು ಏನೂ ಇಲ್ಲ. ಆಗಬೇಕಾದದ್ದೆಲ್ಲ ಉಳಿದವರಿಗೆ. ಆದರೂ ದಿವಸದ ಊಟಕ್ಕೆ ಸಾಲ ಮಾಡುವವರು ನಮ್ಮಲ್ಲಿ ಕಡಿಮೆಯಾಗಿಲ್ಲ. ಅದಕ್ಕೇ ಇಂದು ಇಲ್ಲಿ ಹುಗ್ಗಿ ಇಲ್ಲ, ಅಂಬಲಿ ಇದೆ. ಬೇಸರಪಡಬೇಡಿ.

ಕೊನೆಯದಾಗಿ ಮೂರು ಬಿನ್ನಹ. ನಿಮ್ಮವರ ಸ್ಮರಣೆಗೆ ಹಣ ಎತ್ತುವ ಮೊದಲು, ಯಾರ ಹೆಸರಿನಲ್ಲಿ ಎತ್ತುತ್ತೀರೋ ಅವರ ಮನೆಯ ಒಲೆಯನ್ನು ಒಮ್ಮೆ ನೋಡಿ ಬನ್ನಿ. ಎತ್ತಿದ ಹಣದ ಲೆಕ್ಕವನ್ನು ಕೇಳುವ ಮೊದಲೇ ಗೋಡೆಗೆ ಹಚ್ಚಿ. ಮೂರನೆಯದು ಮಾಜಿ ಸೈನಿಕ ಬಂಧುಗಳಿಗೆ: ಇಂದು ಮನೆಗೆ ಹೋಗಿ ಟ್ರಂಕು ತೆರೆಯಿರಿ. ಡಿಸ್ಚಾರ್ಜ್ ಬುಕ್ಕಿನಲ್ಲಿ ಹೆಂಡತಿಯ ಹೆಸರು, ಹುಟ್ಟಿದ ದಿನ, ಮಕ್ಕಳ ಹೆಸರು ಆಧಾರಿನೊಂದಿಗೆ ಹೊಂದುತ್ತದೆಯೋ ನೋಡಿ. ಹೊಂದದಿದ್ದರೆ ಡಿಸೆಂಬರ್ 7ರಂದು ಕಾಗದ ಹಿಡಿದು ಇದೇ ಮಠಕ್ಕೆ ಬನ್ನಿ. ಬೆಳಿಗ್ಗೆ ಒಂಬತ್ತರಿಂದ ನಾನು ಕುಳಿತಿರುತ್ತೇನೆ. ಉಳಿದ 36,300 ರೂಪಾಯಿ ಅದಕ್ಕೇ ಇದೆ. ಅದು ತೀರುವವರೆಗೆ ಹೊಸ ಹಣ ಎತ್ತುವುದಿಲ್ಲ.

ನನ್ನ ತಮ್ಮ ಗೇಟಿನಲ್ಲಿ ಎದ್ದು ನಿಂತು ಸಲ್ಯೂಟ್ ಹೊಡೆದಾಗ ನಾನು ಜೀಪು ನಿಲ್ಲಿಸಿ ಇಳಿಯಬೇಕಿತ್ತು. ಇಳಿಯಲಿಲ್ಲ. ಈಗ ಆ ಕೆಲಸ ಮಾಡುತ್ತಿದ್ದೇನೆ.